ಕೋರ್ಟಿನ ಟಿವಿಯಲ್ಲಿ ನನ್ನ ಊಟ

ಶಿರಾ, ಮಂಗಳವಾರ, ೧೧ ನವೆಂಬರ್ ೨೦೨೫

ವಕೀಲನಾದ ನಾನು ಸತ್ಯಪ್ರಮಾಣ ಮಾಡಿ ಒಪ್ಪಿಕೊಳ್ಳುವುದೇನೆಂದರೆ, ಇಂದು ಕಲಾಪ ನಡೆಯುತ್ತಿದ್ದಾಗಲೇ ಕೋಟಿನ ಜೇಬಿನಿಂದ ಹುರಿದ ಕಡಲೆಕಾಯಿಬೀಜ ಕದ್ದು ತಿಂದೆ. ಸಾಕ್ಷ್ಯವನ್ನೂ ನುಂಗಿದ್ದೇನೆ.

ನನ್ನ ಕಕ್ಷಿದಾರ ಮಲ್ಲೇಶ್ ಬೈಕ್ ಕದ್ದನೆಂದು ಕೇಸು. ಆ ಹೊತ್ತಿಗೆ ಅವನು ತಾವರೆಕೆರೆಯ ಹೋಟೆಲಿನಲ್ಲಿ ಮುದ್ದೆ ಉಣ್ಣುತ್ತಿದ್ದ. ಅಲ್ಲಿನ ಸಿಸಿಟಿವಿ ವಿಡಿಯೊ ಓಡದಿದ್ದರೆ ಅವನಿಗೆ ಜೈಲೇ ಗತಿ. ನನ್ನ ಲ್ಯಾಪ್‌ಟಾಪಿನಿಂದ ಕೋರ್ಟಿನ ದೊಡ್ಡ ಟಿವಿಗೆ ಹಾಕಿದೆ, ಚೆನ್ನಾಗಿಯೇ ಓಡಿತು. ಮೊಬೈಲಿಗೆ ಬರುವುದೆಲ್ಲ ಲ್ಯಾಪ್‌ಟಾಪಿನಲ್ಲೂ ಕಾಣುತ್ತದೆ ಅನ್ನುವುದು ಮಾತ್ರ ಮರೆತುಹೋಗಿತ್ತು. ಮಲ್ಲೇಶ್ ತುತ್ತು ಎತ್ತಿದ ಕೂಡಲೇ ಅವನ ತಲೆಯ ಮೇಲೆ ಮೂಡಿತು: "ಊಟ ಆಯ್ತಾ ಚಿನ್ನ?"

ನ್ಯಾಯಾಧೀಶರು ಕನ್ನಡಕ ಸರಿಮಾಡಿಕೊಂಡು, "ಆರೋಪಿ ಊಟ ಮಾಡ್ತಿರೋದು ಕಾಣ್ತಿದೆ. ಈ ಪ್ರಶ್ನೆ ಯಾರಿಗೆ, ವಕೀಲರೇ?" ಎಂದರು. ಕೋರ್ಟ್ ಹಾಲೆಲ್ಲ ನಕ್ಕಿತು. ವಿಡಿಯೊ ದಾಖಲಾಯಿತು.

ಹೊರಗೆ ಮಲ್ಲೇಶ್, "ಅಮ್ಮಾವ್ರು ಟೇಮಿಗೆ ಸರಿಯಾಗಿ ಇಚಾರಿಸ್ಕಂತಾರೆ ಸಾ. ಪುಣ್ಯ ಮಾಡಿದೀರಾ ಬುಡಿ," ಅಂದ.

"ದಿನಾ ಇದೇ ಕಾಟ ಕಣಯ್ಯ," ಎಂದು ಬೀಗಿದೆ.

ಯಾವ ಅಮ್ಮಾವ್ರು? ಈ ಬಾಡಿಗೆ ಮನೆಯಲ್ಲಿ ನಾನೊಬ್ಬನೇ. ಅದು ದಿನಾ ಮಧ್ಯಾಹ್ನ ಬರಲಿ ಎಂದು ನಾನೇ ಇಟ್ಟುಕೊಂಡ ರಿಮೈಂಡರ್. ಬರೀ 'ಊಟ ಆಯ್ತಾ' ಯಾಕೋ ಸಪ್ಪೆ ಅನ್ನಿಸಿ, ಹೋದ ವಾರ 'ಚಿನ್ನ' ಸೇರಿಸಿದೆ.