ನಿಜವಾದ ಹತ್ತು

ಪ್ರೀತಿಯ ಅಪ್ಪಾ,

ಇವತ್ತು ಬೆಳಿಗ್ಗೆ ಧ್ಯಾನದಲ್ಲಿ ನಾನು ಎಣಿಕೆ ತಪ್ಪದೆ ಹತ್ತು ಉಸಿರು ಮುಟ್ಟಿಬಿಟ್ಟೆ, ನಿಜವಾದ ಹತ್ತು! ಒಳಗೆ ‘ಸೋ’, ಹೊರಗೆ ‘ಹಂ’, ಮನಸ್ಸು ಎಲ್ಲೂ ಓಡಲಿಲ್ಲ. ಮನೆಯಲ್ಲಿದ್ದಾಗ ದಿನಾ ‘ಹತ್ತಾಯ್ತಪ್ಪಾ’ ಎನ್ನುತ್ತಿದ್ದೆನಲ್ಲ, ಅದೆಲ್ಲ ಶುದ್ಧ ಸುಳ್ಳು. ನಾಲ್ಕು ದಾಟಿದ್ದೇ ಇಲ್ಲ. ಇವರಂತೂ ಪಕ್ಕದಲ್ಲಿ ಕೂತು ಮೂರಕ್ಕೇ ಗೊರಕೆ ಹೊಡೆಯುತ್ತಾರೆ. ಎಬ್ಬಿಸಿದರೆ, “ನಾನು ಆಗಲೇ ಇಪ್ಪತ್ತರಲ್ಲಿದ್ದೆ ಕಣೇ” ಅಂತಾರೆ.

ನನ್ನ ಮದುವೆಯಾದ ಮೇಲೆ ನೀವು ಧ್ಯಾನಕ್ಕೆ ಕೂರುವುದನ್ನೇ ಬಿಟ್ಟಿದ್ದೀರಿ ಎಂದು ಅಣ್ಣ ಹೇಳಿದ. ಒಬ್ಬರೇ ಕೂತರೆ ಎಣಿಕೆ ಎರಡರ ಮುಂದೆ ಹೋಗುವುದಿಲ್ಲವಂತೆ. ತಪ್ಪಿದರೆ ಮತ್ತೆ ಒಂದರಿಂದ ಶುರುಮಾಡು ಎಂದು ಕಲಿಸಿದವರು ನೀವೇ ತಾನೆ? ನನ್ನ ಚಾಪೆಯನ್ನು ಬಿಸಿಲಿಗೆ ಹಾಕಿ, ಆಮೇಲೆ ನಿಮ್ಮದರ ಪಕ್ಕ ಹಾಸಿಡಿ. ಈ ಸಲ ಹತ್ತಾಯ್ತು ಅಂದರೆ ಹತ್ತೇ. ಗುರುವಾರ ಬೆಳಿಗ್ಗೆ ಐದೂವರೆಯ ಪ್ಯಾಸೆಂಜರ್ ರೈಲಿಗೆ ಬಂದಿಳಿಯುತ್ತೇನೆ.

ನಿಮ್ಮ ಪುಟ್ಟಿ