ಜಂಬಪ್ಪ ಹೊಡೆಯದ ಗೋಲು, ಜಂಬಪ್ಪನಿಗೆ ಬಿದ್ದ ನಿಷೇಧ

ಫುಟ್‌ಬಾಲ್ ಲೀಗ್ ಸಮಿತಿಯ ಗೌರವ ಕಾರ್ಯದರ್ಶಿಗಳಿಗೆ

ಮಾನ್ಯರೇ,

ಮೈದಾನಕ್ಕೇ ಇಳಿಯದ ಹುಡುಗನೊಬ್ಬ ಲೈನ್ಸ್‌ಮನ್‌ಗೆ ಹೊಡೆದನೆಂದು ತೀರ್ಮಾನಿಸಿ ಅವನನ್ನು ಎರಡು ವರ್ಷ ಆಟದಿಂದ ಹೊರಗಿಟ್ಟಿದ್ದೀರಿ. ಹುಡುಗನ ಹೆಸರು ಜಂಬಪ್ಪ, ಚಿತ್ತವಾಡ್ಗಿಯ ದ್ಯಾಮಕ್ಕನ ಮಗ. ಹೊಡೆದವನು ಅವನಲ್ಲ ಎನ್ನುವುದು ನಿಮಗೆ ಗೊತ್ತು. ನಿಮ್ಮ ಸಮಿತಿಗೂ ಗೊತ್ತು. ಹೊಡೆತ ತಿಂದ ಲೈನ್ಸ್‌ಮನ್‌ಗಂತೂ ನಿಮ್ಮೆಲ್ಲರಿಗಿಂತ ಚೆನ್ನಾಗಿ ಗೊತ್ತು. ಆದರೂ ಆದೇಶಕ್ಕೆ ಸಹಿ ಮಾಡಿ, ಸೀಲು ಒತ್ತಿ, ಚಹಾ ಕುಡಿದು, ಕರವಸ್ತ್ರದಿಂದ ಬಾಯಿ ಒರೆಸಿಕೊಂಡು ಎದ್ದು ಹೋದಿರಲ್ಲ, ಆ ನಿರಾಳ ಕಂಡು ನನಗೆ ಹೇಸಿಗೆಯಾಗಿದೆ. ಬರೀ ಸಿಟ್ಟು ಬಂದಿದ್ದರೆ ನಿಮ್ಮ ಕಚೇರಿಗೇ ಬಂದು ಜಗಳ ತೆಗೆಯುತ್ತಿದ್ದೆ. ಹೇಸಿಗೆಯಾಗಿರುವುದರಿಂದ ದೂರ ನಿಂತು ಬರೆಯುತ್ತಿದ್ದೇನೆ.

ನಾನು ಚಿತ್ತವಾಡ್ಗಿ ತಂಡದ ಮ್ಯಾನೇಜರು. ಹೊಟ್ಟೆಪಾಡಿಗೆ ಟಾರ್ಪಾಲ್ ಅಂಗಡಿ ಇಟ್ಟಿದ್ದೇನೆ. ಸಂಡೂರು ಗುಡ್ಡದಿಂದ ಅದಿರು ಹೊತ್ತು ಬರುವ ಲಾರಿಗಳ ಮೈ ಮುಚ್ಚುವ ಟಾರ್ಪಾಲಿನಲ್ಲಿ ನನ್ನ ಕೈಯಿಂದ ಹೋದದ್ದೂ ಬೇಕಾದಷ್ಟಿದೆ. ಆದ್ದರಿಂದ 'ಈ ಮನುಷ್ಯನಿಗೆ ಗಣಿ ಕಂಡರೆ ಹೊಟ್ಟೆಕಿಚ್ಚು' ಎಂದು ನಾಳೆ ಪತ್ರಿಕೆಗೆ ಹೇಳಿಕೆ ಕೊಡುವ ಶ್ರಮ ತೆಗೆದುಕೊಳ್ಳಬೇಡಿ. ಚೀನಾದವರು ಅದೇನೋ ಕ್ರೀಡಾಂಗಣ ಕಟ್ಟಲಿಕ್ಕೆ ನಮ್ಮ ಗುಡ್ಡ ಒಯ್ಯುತ್ತಿದ್ದಾರಂತೆ, ಒಯ್ಯಲಿ, ಅದಕ್ಕೆ ಬೇರೆ ಪತ್ರ ಬರೆಯುವವರಿದ್ದಾರೆ. ನನ್ನ ತಕರಾರು ನೀವು ಒಬ್ಬ ಹುಡುಗನ ಹೆಸರನ್ನು ಒಯ್ದದ್ದರ ಬಗ್ಗೆ.

ಹೊಸಬರಿಗೆ ತಿಳಿಯಲಿ ಎಂದು ಹೇಳುತ್ತೇನೆ. ಯಾರು ಯಾವ ಓಣಿಗೆ ಆಡಬಹುದು ಎನ್ನುವುದಕ್ಕೆ ನಮ್ಮ ಲೀಗಿನಲ್ಲಿ ಹಿಂದಿನಿಂದ ಇದ್ದದ್ದು ಒಂದೇ ಕಟ್ಟಳೆ. ಅದಕ್ಕೆ ಬುತ್ತಿ ಸಾಕ್ಷಿ ಅಂತಾರೆ. ಲೀಗ್ ಶುರುವಾಗುವ ಹಿಂದಿನ ಸಂಜೆ ಎಲ್ಲ ತಂಡಗಳೂ ಮೈದಾನದಲ್ಲಿ ಸಾಲಾಗಿ ಕೂರುವುದು. ಒಬ್ಬೊಬ್ಬ ಆಟಗಾರನ ಮನೆಯಿಂದ ಒಬ್ಬ ಹೆಣ್ಣುಮಗಳು, ತಾಯಿಯೋ ಅಕ್ಕನೋ ಹೆಂಡತಿಯೋ, ಯಾರೂ ಇಲ್ಲದವನಿಗೆ ಬಾಡಿಗೆ ಮನೆಯ ಒಡತಿಯೋ, ಬುತ್ತಿ ಬಿಚ್ಚಿ ರೊಟ್ಟಿ ಬಡಿಸಿ, ಎದುರು ತಂಡದ ನಾಯಕನ ಮುಂದೆ 'ಇವ ನಮ್ಮನಿ ಉಣ್ತಾನ' ಎಂದು ಹೇಳುವುದು. ಅಷ್ಟು ಹೇಳಿದರೆ ಮುಗಿಯಿತು, ಅವನು ಆ ಓಣಿಯ ಆಟಗಾರ. ಜಾತಿ ಕೇಳುತ್ತಿರಲಿಲ್ಲ, ರೇಷನ್ ಕಾರ್ಡ್ ಕೇಳುತ್ತಿರಲಿಲ್ಲ. ಕಂಪ್ಲಿಯಿಂದ ಓದಲು ಬಂದು ನಮ್ಮ ಸಂಗಮ್ಮನ ಮನೆಯಲ್ಲಿ ರೂಮು ಹಿಡಿದಿದ್ದ ಹುಡುಗ ಹೀಗೆಯೇ ನಮ್ಮ ತಂಡಕ್ಕೆ ಆಡಿದ.

ಮೋಸ ಮಾಡಲು ಯಾರೂ ನೋಡಲಿಲ್ಲವೇ? ನೋಡಿದರು. ಒಮ್ಮೆ ಪಕ್ಕದೂರಿನವರು ಎಲ್ಲಿಂದಲೋ ಒಬ್ಬ ಗೋಲ್‌ಕೀಪರನ್ನು ಹಿಡಿದು ತಂದು ಕೂರಿಸಿದ್ದರು. ಎದುರು ಕೂತಿದ್ದ ಬುಕ್ಕಸಾಗರ ತಂಡದ ನಾಯಕ ಭಾಳ ಚಾಲಾಕಿ. ಬಡಿಸುತ್ತಿದ್ದ ಹೆಂಗಸನ್ನು 'ಅವ್ವಾ, ನಿನ್ನೆ ರಾತ್ರಿ ಏನ್ ಅಡಿಗಿ ಮಾಡಿದ್ದಿ?' ಎಂದು ಕೇಳಿದ. ಆಕೆ 'ಪುಂಡಿಪಲ್ಯ' ಎನ್ನುವುದಕ್ಕೂ ಉಣ್ಣಲು ಕೂತ ಈ ಪುಣ್ಯಾತ್ಮ 'ಅನ್ನ ಸಾರು' ಎನ್ನುವುದಕ್ಕೂ ಸರಿಹೋಯಿತು. ಮೈದಾನ ಬಿದ್ದು ಬಿದ್ದು ನಕ್ಕಿತು, ಆ ಹೆಂಗಸೂ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. 'ಏಳಪ್ಪ, ಉಂಡು ನಿಮ್ಮೂರಿಗೆ ನಡಿ' ಎಂದು ಅವನಿಗೆ ಹೊಟ್ಟೆ ತುಂಬ ಬಡಿಸಿಯೇ ಕಳಿಸಿದಳು.

ಇಂಥ ಲೀಗಿಗೆ ಗಣಿ ಕಂಪನಿಯ ತಂಡ ಬಂತು. ಕಂಪನಿಯ ಹೆಸರು ಬರೆಯುವುದಿಲ್ಲ, ಬರೆದರೆ ನೀವು ಎದ್ದು ನಿಂತುಬಿಡುತ್ತೀರಿ. ಅವರ ಜೀಪು ಓಣಿ ಓಣಿ ತಿರುಗಿ ಚೆನ್ನಾಗಿ ಆಡುವ ಹುಡುಗರನ್ನು ಆರಿಸಿತು. 'ನಮ್ಮ ಟೀಮಿಗೆ ಆಡು, ಲಾರಿ ತೂಗೋ ವೇಬ್ರಿಡ್ಜ್‌ನಾಗ ಕೆಲಸ ಕೊಡ್ತೀವಿ' ಎಂದಿತು. ಜಂಬಪ್ಪ ನಮ್ಮ ಫಾರ್ವರ್ಡ್. ಎಡಗಾಲಿನಲ್ಲಿ ಅವನು ಚೆಂಡು ತಿರುಗಿಸುವುದನ್ನು ನೋಡಲೆಂದೇ ಜನ ಅಂಗಡಿ ಬಾಗಿಲು ಎಳೆದುಕೊಂಡು ಬರುತ್ತಿದ್ದರು. ಅವನು ನನ್ನ ಹತ್ತಿರ ಬಂದು, 'ಮಾಮಾ, ಹೋಗ್ಲೇನು?' ಎಂದ. ಅಪ್ಪನಿಲ್ಲದ ಮನೆ. 'ಹೋಗಲೇ, ಎಲ್ಲಿ ಆಡಿದ್ರೂ ನೀ ನಮ್ಮ ಹುಡುಗನ' ಎಂದು ಬೆನ್ನು ತಟ್ಟಿ ಕಳಿಸಿದೆ.

ಆ ವರ್ಷವೇ ತಾವು ಒಂದು ಹೊಸ ನಿಯಮ ತಂದಿರಿ. ಒಂದು ತಂಡದಲ್ಲಿ ಹೊರಗಿನವರು, ಎಂದರೆ ಹೊರ ಜಿಲ್ಲೆಯವರು, ಇಬ್ಬರಿಗಿಂತ ಹೆಚ್ಚು ಇರುವಂತಿಲ್ಲ. 'ಸ್ಥಳೀಯ ಪ್ರತಿಭೆಗಳಿಗೆ ಸುವರ್ಣಾವಕಾಶ' ಎಂದು ತಮ್ಮ ಹೇಳಿಕೆ ಫೋಟೋ ಸಮೇತ ಬಂದಿತ್ತು. ಕಂಪನಿಗೋ ಹನ್ನೊಂದಕ್ಕೆ ಹನ್ನೊಂದೂ ಹೊರಗಿನವರೇ ಬೇಕು. ಹಾಗಾದರೆ ಏನು ಮಾಡುವುದು? ಇಬ್ಬರನ್ನು ಅವರ ಸ್ವಂತ ಹೆಸರಿನಲ್ಲಿ ಆಡಿಸುವುದು, ಉಳಿದವರಿಗೆ ನಮ್ಮ ಹುಡುಗರ ಹೆಸರು ತೊಡಿಸುವುದು. ಗಾದಿಗನೂರಿನ ಹುಡುಗರ ಹೆಸರು ಯಾರ ಯಾರ ಬೆನ್ನ ಮೇಲೋ ಓಡಾಡಿತು. ಆ ಹೊತ್ತಿಗೆ ಆ ಹುಡುಗರು ಕೆಂಪು ಧೂಳು ಕುಡಿಯುತ್ತ ವೇಬ್ರಿಡ್ಜ್ ಮೇಲೆ ಲಾರಿ ಹತ್ತಿಸುತ್ತಿದ್ದರು. ಸ್ಥಳೀಯ ಪ್ರತಿಭೆಗೆ ತಾವು ಒದಗಿಸಿದ ಸುವರ್ಣಾವಕಾಶ ಇದು. ಥೂ!

ಜಂಬಪ್ಪನ ಹೆಸರು ಬಿದ್ದದ್ದು ಆಗ್ನೆಲ್ ಎಂಬ ಗೋವಾದ ಹುಡುಗನ ಪಾಲಿಗೆ. ಅವನ ಮೇಲೆ ನನಗೆ ದ್ವೇಷವಿಲ್ಲ. ಕಂಪನಿಯವರು ನಮ್ಮ ಓಣಿಯಲ್ಲೇ ಒಂದು ಖೋಲಿ ಹಿಡಿದು ಅವನನ್ನು ಇಟ್ಟಿದ್ದರು. ಮೆಸ್ಸಿನ ಊಟ ಸೇರದೆ ಹುಡುಗ ಸೊರಗುತ್ತಿದ್ದುದನ್ನು ಕಂಡು ಜಂಬಪ್ಪನೇ ಮನೆಗೆ ಕರೆತಂದ. ದ್ಯಾಮಕ್ಕ ರೊಟ್ಟಿ ಬಡಿಯುತ್ತ ಹೋದಳು, ಅವನು ತಿನ್ನುತ್ತ ಹೋದ. ಆಮೇಲೆ ದಿನಾ ಬರತೊಡಗಿದ. ಕನ್ನಡದಲ್ಲಿ ಅವನಿಗೆ ಬರುತ್ತಿದ್ದುದು 'ಅವ್ವಾ' ಮತ್ತು 'ಸಾಕು', ಎರಡೇ ಮಾತು. ಎರಡನೆಯದನ್ನು ದ್ಯಾಮಕ್ಕ ಯಾರ ಬಾಯಿಂದ ಬಂದರೂ ಕೇಳಿಸಿಕೊಳ್ಳುವವಳಲ್ಲ.

ಈಗ ತಮ್ಮ ಜಾಣತನಕ್ಕೆ ಬರೋಣ. ಬುತ್ತಿ ಸಾಕ್ಷಿಯನ್ನು ತಾವು ರದ್ದು ಮಾಡಲಿಲ್ಲ. ಶಾಮಿಯಾನ ಹಾಕಿಸಿ, ಹೆಂಗಸರಿಗೆಲ್ಲ ಒಂದೇ ಬಣ್ಣದ ಸೀರೆ ಹಂಚಿ, ಕ್ಯಾಮೆರಾದವರನ್ನು ಕರೆಸಿ ಅದನ್ನೊಂದು ಸಾಂಸ್ಕೃತಿಕ ಕಾರ್ಯಕ್ರಮ ಮಾಡಿದಿರಿ. ಆ ಸಂಜೆ ಜಂಬಪ್ಪನಿಗೆ ಬೇಕೆಂದೇ ಡ್ಯೂಟಿ ಹಾಕಿದ್ದರು. ಅದು ಗೊತ್ತಿಲ್ಲದ ದ್ಯಾಮಕ್ಕ ಮಗನಿಗೆಂದು ಬುತ್ತಿ ಕಟ್ಟಿಕೊಂಡು ಬಂದಳು. 'ಜಂಬಪ್ಪನ ತಾಯಿ ಬರಬೇಕು' ಎಂದು ಮೈಕಿನಲ್ಲಿ ಕೂಗಿದರು. ಬಂದು ನೋಡಿದರೆ ಕಂಪನಿಯ ಸಾಲಿನಲ್ಲಿ ಮಗನಿಲ್ಲ, ಆಗ್ನೆಲ್ ಕೂತಿದ್ದಾನೆ. ತಾವು ಖುದ್ದಾಗಿ ಮೈಕು ಹಿಡಿದುಕೊಂಡು ಆಕೆಯ ಹತ್ತಿರ ಹೋಗಿ, 'ಏನಮ್ಮಾ, ಇವನು ನಿಮ್ಮ ಮನೆಯಲ್ಲಿ ಊಟ ಮಾಡುತ್ತಾನೋ ಇಲ್ಲವೋ?' ಎಂದು ಕೇಳಿದಿರಿ.

ಹೆಸರು ಕೇಳಲಿಲ್ಲ, ನೋಡಿ. ನಿನ್ನ ಮಗನೇ ಎಂದು ಕೇಳಲಿಲ್ಲ. ಊಟ ಮಾಡುತ್ತಾನೋ ಇಲ್ಲವೋ.

ಆಕೆ 'ಹೌದ್ರಿ, ಉಣ್ತಾನ' ಎಂದಳು.

ಬೇರೆ ಊರಿನ ಹೆಂಗಸಾಗಿದ್ದರೆ 'ಇವ ಯಾರೋ ಏನೋ' ಎಂದು ತಿರುಗಿ ಹೋಗುತ್ತಿದ್ದಳೇನೋ. ನಮ್ಮ ಓಣಿಯಲ್ಲಿ ಹಾಗೆ ಅನ್ನಲು ನಾಲಿಗೆ ಹೊರಳುವುದಿಲ್ಲ. ಕೈಯಾರೆ ಬಡಿಸಿದವನನ್ನು ತುಂಬಿದ ಮೈದಾನದಲ್ಲಿ ಉಂಡಿಲ್ಲ ಎಂದರೆ ಅದಕ್ಕಿಂತ ಕೆಟ್ಟ ಮಾತು ಆಕೆಗೆ ಇನ್ನೊಂದಿಲ್ಲ. ಅದನ್ನು ತಿಳಿದೇ ತಾವು ಹಾಗೆ ಕೇಳಿದ್ದು. ನಾನು ಎದ್ದು ನಿಂತು, 'ಅಲ್ರೀ, ಇವ ಜಂಬಪ್ಪ ಅಲ್ರೀ!' ಎಂದು ಕೂಗಿದೆ. ತಾವು ನಕ್ಕು, 'ತಾಯಿನೇ ಹೇಳಿದ ಮ್ಯಾಲ ನೀವ್ಯಾರ್ರೀ?' ಎಂದಿರಿ. ಶಾಮಿಯಾನದಲ್ಲಿ ಚಪ್ಪಾಳೆ ಬಿತ್ತು.

ವಿಷಯ ತಿಳಿದ ಮರುದಿನವೇ ಜಂಬಪ್ಪ ಕಂಪನಿ ಬಿಟ್ಟು ಬಂದ. ನಮ್ಮ ತಂಡಕ್ಕೆ ಆಡಿಸಿಕೊಳ್ಳುತ್ತೇನೆ ಎಂದು ತಮ್ಮಲ್ಲಿಗೆ ಬಂದೆ. 'ಒಂದು ಸೀಸನ್‌ಗೆ ಒಂದೇ ತಂಡ' ಎಂದು ನಿಯಮದ ಪುಸ್ತಕ ತೆಗೆದು ಬೆರಳಿಟ್ಟು ತೋರಿಸಿದಿರಿ. ಎಂಥಾ ಶಿಸ್ತು! ಇಬ್ಬರು ಜಂಬಪ್ಪಂದಿರು ಒಂದೇ ಲೀಗಿನಲ್ಲಿದ್ದರೂ ಕಣ್ಣಿಗೆ ಬೀಳದ ಮನುಷ್ಯರಿಗೆ ಆ ಸಣ್ಣ ಅಕ್ಷರ ಮಾತ್ರ ಹೇಗೆ ಕಂಡಿತೋ!

ಸೆಮಿಫೈನಲ್‌ನಲ್ಲಿ ಕಂಪನಿಗೆ ಎದುರಾದದ್ದು ನಾವೇ. ನಿಜವಾದ ಜಂಬಪ್ಪ ಹಗ್ಗದ ಆಚೆ ಜನರ ನಡುವೆ ನಿಂತಿದ್ದ, ಪಕ್ಕದಲ್ಲಿ ತಾಯಿ. ಆಗ್ನೆಲ್ ಚೆಂಡು ಒಳಗೆ ಹಾಕಿದ. 'ಗೋಲ್! ಚಿತ್ತವಾಡ್ಗಿಯ ಹೆಮ್ಮೆಯ ಕುವರ ಜಂಬಪ್ಪ!' ಎಂದು ಮೈಕು ಅರಚಿತು. ದ್ಯಾಮಕ್ಕ ಚಪ್ಪಾಳೆಗೆ ಕೈ ಎತ್ತಿಬಿಟ್ಟಳು. ಎತ್ತಿದ ಕೈ ಹಾಗೆಯೇ ನಿಂತಿತು. ಪಕ್ಕದಲ್ಲಿದ್ದ ಮಗನ ಮುಖ ನೋಡಿ ಕೈ ಇಳಿಸಿ ಸೆರಗಿನಲ್ಲಿ ಮುಚ್ಚಿಕೊಂಡಳು. ನಾನು ನೋಡಿದೆ, ನೋಡಬಾರದಿತ್ತು ಅನ್ನಿಸಿತು. ಆ ದಿನ ಸೋತದ್ದಕ್ಕೆ ನನಗೆ ಒಂದು ಚೂರೂ ನೋವಾಗಲಿಲ್ಲ, ನೋವಾದದ್ದು ಆ ಕೈ ಕಂಡು.

ಆಟ ಮುಗಿಯುವ ಹೊತ್ತಿಗೆ ಆಫ್‌ಸೈಡ್ ಬಾವುಟ ಎತ್ತಿದನೆಂದು ಲೈನ್ಸ್‌ಮನ್ ಪಂಪಣ್ಣನ ಮುಖಕ್ಕೆ ಆಗ್ನೆಲ್ ಗುದ್ದಿದ. ರೆಡ್ ಕಾರ್ಡ್ ಬಿತ್ತು. ಸಂಜೆಯೇ ಕಂಪನಿಯವರು ಅವನನ್ನು ವಾಸ್ಕೋ ಕಡೆಯ ರೈಲು ಹತ್ತಿಸಿದರು. ಗುದ್ದು ಗೋವಾಕ್ಕೆ ಹೋಯಿತು, ಶಿಕ್ಷೆ ಚಿತ್ತವಾಡ್ಗಿಗೆ ಬಂತು.

ಫೈನಲ್ ಗೆದ್ದು ಕಂಪನಿ ಕಪ್ ಒಯ್ದ ಮೇಲೆ ವಿಚಾರಣೆ ಕರೆದಿರಿ, ಆ ದಿನ ನಾನೂ ಇದ್ದೆ. ಜಂಬಪ್ಪ ತಮ್ಮ ಮೇಜಿನ ಮುಂದೆ ಕೈ ಕಟ್ಟಿ ನಿಂತಿದ್ದ. ಪಂಪಣ್ಣ ಊದಿದ ಕೆನ್ನೆ ಹೊತ್ತುಕೊಂಡು ಬಂದು ಎಲ್ಲರೆದುರು ಹೇಳಿದ: 'ಸಾಹೇಬ್ರ, ನನಗ ಹೊಡದಾಂವ ಇವ ಅಲ್ರಿ. ಅವ ಇವನಿಗಿಂತ ಎತ್ತರ ಇದ್ದ. ಈ ಹುಡುಗನ್ನ ಯಾಕ ನಿಲ್ಲಿಸೀರಿ?' ಅದಕ್ಕೆ ತಾವು ಕೊಟ್ಟ ಉತ್ತರ ನನಗೆ ಬಾಯಿಪಾಠವಾಗಿದೆ. 'ಆಟಗಾರನ ಗುರುತು ಬುತ್ತಿ ಸಾಕ್ಷಿಯಲ್ಲಿ ತಾಯಿಯಿಂದಲೇ ದೃಢಪಟ್ಟಿದೆ. ಅದನ್ನು ಈಗ ಪ್ರಶ್ನಿಸಿದರೆ ಎಲ್ಲ ಪಂದ್ಯಗಳನ್ನೂ ಪ್ರಶ್ನಿಸಬೇಕಾಗುತ್ತದೆ.' ಹೌದು ಸ್ವಾಮಿ, ಬೇಕಾಗುತ್ತದೆ! ಅದಕ್ಕೇ ಅಲ್ಲವೇ ತಮ್ಮನ್ನು ಅಲ್ಲಿ ಕೂರಿಸಿರುವುದು? ಪಂದ್ಯ ಪ್ರಶ್ನಿಸಿದರೆ ಕಪ್ ವಾಪಸ್ ತರಿಸಬೇಕು. ಕಪ್ ವಾಪಸ್ ತರಿಸಿದರೆ ಹೊಸ ಗ್ಯಾಲರಿ ಕಟ್ಟಿಸಿಕೊಟ್ಟ ಕಂಪನಿಯ ಮುಖ ಹೇಗೆ ನೋಡುವುದು? ಅದಕ್ಕಿಂತ ಅಪ್ಪನಿಲ್ಲದ ಹುಡುಗನೊಬ್ಬನ ಎರಡು ವರ್ಷ ಹೂಳುವುದು ಸುಲಭ.

ಎರಡು ವರ್ಷ ಎಂದರೆ ಏನು ಎಂದು ತಮಗೆ ತಿಳಿಯದ್ದೇನಲ್ಲ. ಬರುವ ಭಾನುವಾರ ಬಳ್ಳಾರಿಯಲ್ಲಿ ಇಪ್ಪತ್ತೊಂದರ ಒಳಗಿನವರ ಜಿಲ್ಲಾ ತಂಡಕ್ಕೆ ಆಯ್ಕೆ. ಜಂಬಪ್ಪನಿಗೆ ಇದೇ ಕೊನೆಯ ವರ್ಷ. ನಿಷೇಧ ಮುಗಿಯುವ ಹೊತ್ತಿಗೆ ಅವನ ವಯಸ್ಸು ದಾಟಿರುತ್ತದೆ. ಇಷ್ಟರ ಮೇಲೆ ತಮ್ಮ ಆದೇಶದಲ್ಲಿ 'ಆಟಗಾರನ ಭವಿಷ್ಯವನ್ನು ಗಮನದಲ್ಲಿಟ್ಟು ಮೃದು ಶಿಕ್ಷೆ ವಿಧಿಸಲಾಗಿದೆ' ಎಂದು ಬರೆದಿದ್ದೀರಿ. ಆ 'ಮೃದು' ಎಂಬ ಮಾತನ್ನು ದ್ಯಾಮಕ್ಕನ ಎದುರು ಒಮ್ಮೆ ಓದಿ ಹೇಳಿ.

ಒಂದು ಲೆಕ್ಕವಾದರೂ ಸರಿಯಾಗಿ ಮಾಡಿ. ಆಡಿದವನು ಜಂಬಪ್ಪನೇ ಎನ್ನುವುದಾದರೆ ಆ ಗೋಲುಗಳೂ ಅವನವೇ. ಹೆಚ್ಚು ಗೋಲು ಹೊಡೆದದ್ದಕ್ಕೆ ಜಂಬಪ್ಪನ ಹೆಸರಿಗೆ ತಾವು ಕೊಟ್ಟ ಬೆಳ್ಳಿ ಬೂಟು ಈಗ ಕಂಪನಿಯ ಆಫೀಸಿನ ಗಾಜಿನ ಕಪಾಟಿನಲ್ಲಿದೆ, ಅದನ್ನು ದ್ಯಾಮಕ್ಕನ ಮನೆಗೆ ತಂದುಕೊಡಿ. ಅವನಲ್ಲ ಎನ್ನುವುದಾದರೆ ಗುದ್ದೂ ಅವನದಲ್ಲ. ಗೋಲಿಗೆ ಒಬ್ಬ ಜಂಬಪ್ಪ, ಗುದ್ದಿಗೆ ಒಬ್ಬ ಜಂಬಪ್ಪ ಎಂದರೆ ಹೇಗೆ? ಇದು ಯಾವ ಸೀಮೆಯ ನ್ಯಾಯ?

ಜಂಬಪ್ಪ ಈಗ ಮೈದಾನದ ಕಡೆ ಹೋಗುವುದಿಲ್ಲ. ಮನೆಯಲ್ಲೂ ತಾಯಿಯ ಹತ್ತಿರ ಹೆಚ್ಚು ಮಾತಿಲ್ಲ. ಬೈದರೂ ಆಗುತ್ತಿತ್ತು, ಬೈಯುವುದೂ ಇಲ್ಲವಂತೆ. ಮೊನ್ನೆ ದ್ಯಾಮಕ್ಕ ನನ್ನ ಅಂಗಡಿಗೆ ಬಂದಳು. ಕುಂದ್ರವ್ವಾ ಎಂದರೆ ಕೂರಲಿಲ್ಲ. ಟಾರ್ಪಾಲಿನ ಗಂಟಿನ ಪಕ್ಕ ನಿಂತೇ ಕೇಳಿದಳು.

'ಉಜ್ಜಿನಪ್ಪಣ್ಣ, ನನ್ನ ಮಗನ ಆಟ ನನ್ನ ಬಾಯಿಂದನ ಹಾಳಾತು. ಆ ಹುಡುಗ ನಮ್ಮನಿ ಉಂಡಿಲ್ಲ ಅಂತ ನಾ ಸುಳ್ಳು ಹೇಳಬೇಕಿತ್ತೇನು?'

'ನಿಂದೇನೂ ತಪ್ಪಿಲ್ಲ, ಮನಿಗೆ ಹೋಗವ್ವಾ' ಎಂದೆ. ಅದು ಆಕೆಯ ಕಿವಿಗೆ ಬೀಳಲಿಲ್ಲ. ತಪ್ಪಿಲ್ಲದಿದ್ದರೆ ಮಗನಿಗೆ ಶಿಕ್ಷೆ ಯಾಕೆ ಎಂದು ಆಕೆ ಕೇಳಲಿಲ್ಲ, ಆದರೆ ಕೇಳಿದಂತೆಯೇ ನೋಡಿದಳು.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಆಕೆಯನ್ನು ಪ್ರಶ್ನೆ ಕೇಳಿದ್ದು ತಾವು, ತುಂಬಿದ ಮೈದಾನದಲ್ಲಿ, ಮೈಕು ಹಿಡಿದು. ಆಕೆಯ ಪ್ರಶ್ನೆಗೆ ಉತ್ತರವನ್ನೂ ತಾವೇ, ಭಾನುವಾರಕ್ಕೆ ಮೊದಲು, ಅದೇ ಮೈದಾನದಲ್ಲಿ ಅದೇ ಮೈಕು ಹಿಡಿದು ಕೊಡಬೇಕು. ಆಕೆ ನಿಜ ಹೇಳಿದ್ದು ಸರಿ ಎನ್ನುವುದಾದರೆ, ಆಕೆಯ ಮಗ ನಿರಪರಾಧಿ ಎಂದು ಹೇಳಿ ನಿಷೇಧ ಹರಿದುಹಾಕಿ. ಅಷ್ಟು ಆಗುವುದಿಲ್ಲ ಎಂದರೆ, ಧೈರ್ಯವಾಗಿ ನಿಂತು ನಮ್ಮ ಹೆಣ್ಣುಮಕ್ಕಳಿಗೆಲ್ಲ ಕೇಳಿಸುವ ಹಾಗೆ ಹೇಳಿಬಿಡಿ: 'ಹೌದು ದ್ಯಾಮಕ್ಕ, ನೀನು ಸುಳ್ಳು ಹೇಳಬೇಕಿತ್ತು.'

ಇಂತಿ,
ಸದ್ಯಕ್ಕೆ ತನ್ನ ಹೆಸರಿನಲ್ಲಿ ತಾನೇ ಓಡಾಡಿಕೊಂಡಿರುವ
ಉಜ್ಜಿನಪ್ಪ
ಟಾರ್ಪಾಲ್ ಅಂಗಡಿ, ಚಿತ್ತವಾಡ್ಗಿ, ಹೊಸಪೇಟೆ