ನಕ್ಷತ್ರದ ಅಚ್ಚು

ಪುಟ್ಟಿ,

ಬಾಣಲೆ ಮುಟ್ಟಬೇಡ. ಒಲೆ ಆರಿಸಿದ್ದೇನೆ, ಆದರೆ ಎಣ್ಣೆ ಇನ್ನೂ ಕೆಂಡದಂತಿದೆ. ನೆಲವೆಲ್ಲ ಜಿಡ್ಡು, ಚಪ್ಪಲಿ ಹಾಕಿಕೊಂಡೇ ಒಳಗೆ ಬಾ.

ಕರಿಯುವಾಗ ಚುರೋಸ್, ಅದೇ ಆ ಸ್ಪೇನಿನ ಉದ್ದನೆಯ ಸಿಹಿತಿಂಡಿ, ಸಿಡಿದು ಅಮ್ಮನ ಮುಖಕ್ಕೆ ಎಣ್ಣೆ ಹಾರಿತು. ಆಸ್ಪತ್ರೆಗೆ ಹೊರಟಿದ್ದೇವೆ. ನಕ್ಷತ್ರದ ಅಚ್ಚು ಸಿಗಲಿಲ್ಲವೆಂದು ಹಿಟ್ಟನ್ನು ದುಂಡು ಅಚ್ಚಿನಲ್ಲಿ ಒತ್ತಿದೆ. ನಕ್ಷತ್ರದ ಅಚ್ಚಿನಿಂದ ಮೂಡುವ ಆ ಗೆರೆಗಳು ಬರೀ ಅಂದಕ್ಕೆ ಅಂದುಕೊಂಡಿದ್ದೆ. ಗೆರೆಯಿಲ್ಲದ್ದು ಒಳಗೆ ಆವಿ ಕಟ್ಟಿ ಪಟಾಕಿಯಂತೆ ಸಿಡಿಯಿತು. ಅಚ್ಚು ನಿನ್ನ ಬಣ್ಣದ ಡಬ್ಬಿಯಲ್ಲಿದ್ದರೆ ನನಗೆ ಹೇಳಲೇಬೇಡ. ಉಳಿದ ಹಿಟ್ಟು ಎಸೆದುಬಿಡು. ಅಪ್ಪ ಬಂದ ಕೂಡಲೇ ಫೋನ್ ಮಾಡಿಸು.

"ಕಣ್ಣಿಗೇನೂ ಆಗಿಲ್ಲ ಅಂತ ಬರಿ, ಅವಳು ಹೆದರ್ಕೋತಾಳೆ" ಅಂತ ಅಮ್ಮನೇ ಹೇಳಿದಳು. ಬರೆದೆನೋ ಇಲ್ಲವೋ ಅಂತ ಚೀಟಿ ಇಸಿದುಕೊಂಡು ನೋಡಿ, "ಸರಿ" ಎಂದಳು. ಅವಳು ಅದನ್ನು ಹಿಡಿದದ್ದು ತಲೆಕೆಳಗಾಗಿ.